ಮಹಾಯುದ್ಧದ ಕಡೆಯ ದಿನಗಳಲ್ಲಿ ಸಾಮಾನ್ಯ ಸಿಪಾಯಿ

1914-18 ರ ಮಹಾಯುದ್ಧದ ಪಾಠವನ್ನು ನಾವು ಬೋಧಿಸುತ್ತಿರುವಾಗ, ಗುಂಡ್ಲುಪೇಟೆಯ ಕಡೆಯ ಬಾಲಿಕೆಯೊಬ್ಬಳು ಎದ್ದುನಿಂತು, "ಅಮ್ಮಾ, ರಾಜರ ಹೆಸರುಗಳೂ ಸೇನಾಪತಿಗಳ ಹೆಸರುಗಳೂ ಪುಸ್ತಕದಲ್ಲಿವೆ; ಸಿಪಾಯಿಗಳು ಏನಾದರು?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರವಾಗಿ ಈ ಕೆಲವು ಮಾತುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಅರ್ಪಿಸುತ್ತೇವೆ.

ಚಾಮರಾಜನಗರವೂ ಗುಂಡ್ಲುಪೇಟೆಯೂ ಆಗ ಮೈಸೂರು ಸಂಸ್ಥಾನದ ಊರುಗಳು. ಆ ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ 1914 ರಲ್ಲಿಯೇ ಹಡಗನ್ನೇರಿ ಸೂಯೆಜ್ ಕಾಲುವೆಯ ಕಾವಲಿಗೆ ಹೋಯಿತು. ನಾಲ್ಕು ವರ್ಷಗಳಾದ ಮೇಲೆ, 1918 ನೆಯ ಸೆಪ್ಟೆಂಬರ್ 23 ರಂದು, ಅದು ಜೋಧಪುರದ ಸವಾರರೊಡಗೂಡಿ ಹೈಫಾ ಪಟ್ಟಣವನ್ನು ಹಿಡಿಯಿತು. ಒಂದು ಕಡೆ ಕರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕೀಷೋನ್ ಹಳ್ಳ. ಎರಡೂ ನಮ್ಮ ಬಾಲಿಕೆಯರು ಎಲೀಯನ ಕಥೆಯಲ್ಲಿ ಓದಿದ ಸ್ಥಳಗಳೇ. ಬೆಟ್ಟದ ಏರಿನಲ್ಲಿ ಅನೇಕ ಕುದುರೆಗಳು ಬಸವಳಿದು ಹಿಂದುಳಿಯಲು, ಮೈಸೂರಿನ ಕೆಲವೇ ಸವಾರರು ಫಿರಂಗಿಗಳ ಮೇಲೆ ಬಿದ್ದು ಅವುಗಳನ್ನು ವಶಪಡಿಸಿಕೊಂಡರು. ದಳದವರಲ್ಲಿ 8 ಮಂದಿ ಸತ್ತರು, 34 ಮಂದಿ ಗಾಯಗೊಂಡರು, 60 ಕುದುರೆಗಳು ಮಡಿದವು. ಸುಮಾರು 1350 ಮಂದಿ ಸೆರೆಸಿಕ್ಕರು.

ಎದುರು ಪಕ್ಷದ ಅವಸ್ಥೆಯನ್ನೂ ನೋಡೋಣ. ತುರ್ಕಿಯ ಸಿಪಾಯಿಗಳಲ್ಲಿ ಬಹುಮಂದಿ ಅನ್ನವಸ್ತ್ರಗಳಿಲ್ಲದೆ ಬಳಲಿ, ಯುದ್ಧಕ್ಕೆ ಮೊದಲೇ ಓಡಿಹೋಗಿದ್ದರು. ಅವರ ನೆರವಿಗೆಂದು ಜರ್ಮನಿಯಿಂದ ಬಂದಿದ್ದ 701, 702, 703 ನೆಯ ಪದಾತಿ ಪಟಾಲಮುಗಳು ಅದೇ ವಾರದಲ್ಲಿ ಬಿಸಿಲು, ಬಾಯಾರಿಕೆ, ಚಳಿಜ್ವರಗಳ ನಡುವೆ ಯೊರ್ದನ್ ನದಿಯ ಕಡೆಗೆ ಹಿಂದೆಗೆದವು. ಸುತ್ತಲಿನ ಸೈನ್ಯವೆಲ್ಲ ಚದರಿಹೋದರೂ ಅವರು ಪಂಕ್ತಿ ಕೆಡದೆ ನಡೆದರೆಂದು ಶತ್ರುಪಕ್ಷದ ಅಧಿಕಾರಿ ಲಾರೆನ್ಸರೇ ಮೆಚ್ಚಿ ಬರೆದಿದ್ದಾರೆ. ಆ ಜರ್ಮನರ ಮನೆಗಳಲ್ಲಿ ಹಸಿವು ನೆಲೆಸಿತ್ತು. 1916-17 ರ ಚಳಿಗಾಲದಲ್ಲಿ ಆಲೂಗೆಡ್ಡೆಯ ಬೆಳೆ ಕೆಟ್ಟು, ದನಗಳ ಮೇವಾದ ಗೆಡ್ಡೆಯನ್ನು ಅವರ ಹೆಂಡಿರು ಮಕ್ಕಳು ತಿಂದು ಜೀವ ಹಿಡಿದಿದ್ದರು.

ನಮ್ಮ ಸಿಪಾಯಿಯ ಮನೆಯಾದರೂ ಸುಖವಾಗಿತ್ತೇ? ಅದೇ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಜ್ವರವು ಮೈಸೂರು ಸೀಮೆಯನ್ನು ಹೊಕ್ಕು ಲಕ್ಷಕ್ಕೂ ಮಿಕ್ಕ ಪ್ರಾಣಗಳನ್ನು ತೆಗೆದುಕೊಂಡಿತು. ಅಕ್ಷರವರಿಯದ ಸಿಪಾಯಿ ಮತ್ತೊಬ್ಬನಿಂದ ಕಾಗದ ಬರೆಯಿಸಬೇಕಾಗಿತ್ತು. ಅದನ್ನು ಓದುವ ಹೆಣ್ಣು ಮನೆಯಲ್ಲಿರಲಿಲ್ಲ. 1911 ರ ಖಾನೇಷುಮಾರಿಯ ಕಾಲಕ್ಕೆ ಮೈಸೂರು ಸೀಮೆಯಲ್ಲಿ ನೂರು ಮಂದಿ ಸ್ತ್ರೀಯರಲ್ಲಿ ಇಬ್ಬರಿಗೂ ಓದುಬರಹ ಬಾರದು. ಹೀಗೆ ಗಂಡನ ಗುಟ್ಟಿನ ಸಂಕಟವೂ ಹೆಂಡತಿಯ ಕಣ್ಣೀರೂ ಪರರ ಬಾಯಿಂದಲೇ ಹಾದುಹೋಗಬೇಕಾಯಿತು.

ಹೈಫಾದ ಜಯದಿಂದ ಯುದ್ಧವು ಮುಗಿಯಲಿಲ್ಲ. ಅಕ್ಟೋಬರ್ 26 ರಂದು ಅಲೆಪ್ಪೋ ಪಟ್ಟಣದ ಆಚೆ ಹರಿತಾನ್ ಎಂಬಲ್ಲಿ ಮೈಸೂರು ಜೋಧಪುರದ ಸವಾರರು ಮತ್ತೆ ಶತ್ರುಗಳ ಮೇಲೆ ನುಗ್ಗಲು, ಸುಮಾರು 80 ಮಂದಿ ಹತರೂ ಗಾಯಾಳುಗಳೂ ಆದರು. 31 ರ ಮಧ್ಯಾಹ್ನ ತುರ್ಕಿಯೊಡನೆ ಯುದ್ಧವು ನಿಂತಿತು. ಇನ್ನು ಐದೇ ದಿನ ಕಳೆದಿದ್ದರೆ ಹರಿತಾನಿನಲ್ಲಿ ಮಡಿದವರು ತಮ್ಮ ಊರಿನ ದಾರಿ ಹಿಡಿಯುತ್ತಿದ್ದರು! ಕಡೆಯ ದಿನಗಳ ಮರಣವು ಮೊದಲ ದಿನಗಳದಕ್ಕಿಂತ ಹೆಚ್ಚು ಕಹಿಯೆಂದು ನಮಗೆ ತೋರುವುದು ಇದರಿಂದಲೇ.

ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಸ್ಮಾರಕವುಂಟು. ಕಂಚೂ ಕಲ್ಲೂ ಶೌರ್ಯವನ್ನು ಹೇಳಬಲ್ಲವು. ಮನೆಯವರ ಕಾಯುವಿಕೆಯನ್ನು ಹೇಳಲಾರವು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ: ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಯಾವುದೇ ಯುದ್ಧಕಾಲದ ಹಳೆಯ ಕಾಗದವಾಗಲಿ ಪದಕವಾಗಲಿ ಇದ್ದರೆ, ಹಿರಿಯರನ್ನು ಕೇಳಿ ಅದರ ವೃತ್ತಾಂತವನ್ನು ಬರೆದಿಡಿರಿ. ಅಂದಿನ ತಾಯಂದಿರು ಓದಲಾರದೆ ಹೋದುದನ್ನು ನೀವು ಓದಬಲ್ಲಿರಿ. ಆ ಬಾಲಿಕೆಯ ಪ್ರಶ್ನೆಗೆ ಉಳಿದ ಉತ್ತರವು ನಿಮ್ಮ ಕೈಯಲ್ಲಿದೆ.