ದೋಣಿಯ ಬ್ಯಾಟರಿಗೆ ಹೊಸ ಚಾರ್ಜರು

ಜೂನ್ 1 ರಿಂದ ಜುಲೈ 31 ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ 61 ದಿನಗಳ ಕಾಲ ಮಲ್ಪೆಯಂತಹ ಬಂದರುಗಳಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ಸಾಲುಗಟ್ಟಿ ನಿಂತಿರುತ್ತವೆ. ಬಲೆಗೆ ಬಿಡುವು, ಎಂಜಿನ್ನಿಗೂ ಬಿಡುವು. ಆದರೆ ದೋಣಿಯಲ್ಲಿರುವ ಬ್ಯಾಟರಿಗೆ ಮಾತ್ರ ಬಿಡುವೆಂಬುದಿಲ್ಲ. ಯಾರೂ ಮುಟ್ಟದಿದ್ದರೂ ಅದರೊಳಗೆ ರಾಸಾಯನಿಕ ಕ್ರಿಯೆ ನಡೆಯುತ್ತಲೇ ಇದ್ದು, ಅದು ತಾನಾಗಿಯೇ ಬರಿದಾಗುತ್ತ ಹೋಗುತ್ತದೆ. ಕಡಲಿನಲ್ಲಿರುವಾಗ ಎಂಜಿನ್ನಿನೊಡನೆ ತಿರುಗುವ ಆಲ್ಟರ್ನೇಟರು ಅದನ್ನು ತುಂಬುತ್ತಿತ್ತು. ಎಂಜಿನ್ನು ನಿಂತ ಮೇಲೆ ಆ ಕೆಲಸವನ್ನು ದಡದ ವಿದ್ಯುತ್ತಿನಿಂದ ನಡೆಯುವ ಚಾರ್ಜರು ವಹಿಸಿಕೊಳ್ಳಬೇಕು.

ಹಳೆಯ ಚಾರ್ಜರು ಕೆಟ್ಟುಹೋಗಿ ಹೊಸದೊಂದನ್ನು ಕೊಳ್ಳಬೇಕಾಗಿದೆ ಎಂದು ಭಾವಿಸೋಣ. ಹೆಚ್ಚು ಆಂಪೇರು ಕೊಡುವುದೇ ಉತ್ತಮವೆಂದು ನಂಬಿ ಕೊಳ್ಳುವವರುಂಟು. ಇದು ಸರಿಯಾದ ದಾರಿಯಲ್ಲ. ಚಾರ್ಜರು ಎಷ್ಟು ಕೊಡಬಲ್ಲದು ಎಂಬುದಕ್ಕಿಂತ ಎಲ್ಲಿ ತಡೆಯಬಲ್ಲದು ಎಂಬುದೇ ಮುಖ್ಯ. ಕಾರಣವನ್ನರಿಯಲು ಬ್ಯಾಟರಿಯ ಒಳಗನ್ನೇ ನೋಡಬೇಕು.

ಸೀಸ ಮತ್ತು ಆಮ್ಲಗಳ ಬ್ಯಾಟರಿಯನ್ನು 1859 ರಲ್ಲಿ ರಚಿಸಿದವನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಇದರ ಒಂದೊಂದು ಕೋಶವೂ ಸುಮಾರು 2 ವೋಲ್ಟನ್ನು ಕೊಡುತ್ತದೆ. ಆರು ಕೋಶಗಳು ಸೇರಿದರೆ 12 ವೋಲ್ಟಿನ ಬ್ಯಾಟರಿ. ಧನಫಲಕದಲ್ಲಿರುವುದು ಸೀಸದ ಡೈಆಕ್ಸೈಡ್, ಋಣಫಲಕದಲ್ಲಿರುವುದು ಸ್ಪಂಜಿನಂತಹ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಬ್ಯಾಟರಿಯು ಪ್ರವಾಹವನ್ನು ಕೊಡುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟ್ ಕೂಡುತ್ತದೆ. ಚಾರ್ಜು ಮಾಡುವುದೆಂದರೆ ಈ ಸಲ್ಫೇಟನ್ನು ಹಿಂದಿನ ರೂಪಕ್ಕೆ ತರುವುದು.

ಬ್ಯಾಟರಿಯನ್ನು ಬಹುಕಾಲ ಬರಿದಾಗಿಟ್ಟರೆ ಸಲ್ಫೇಟಿನ ಸಣ್ಣ ಹರಳುಗಳು ಬೆಳೆದು ಗಡುಸಾಗುತ್ತವೆ. ಬಳಿಕ ಎಷ್ಟು ಪ್ರವಾಹ ಹರಿಸಿದರೂ ಅವು ಸುಲಭವಾಗಿ ಕರಗವು. ಅತಿಯಾಗಿ ತುಂಬಿದರೆ ಬೇರೊಂದು ಕೇಡು: ಪ್ರವಾಹವು ನೀರನ್ನೇ ಒಡೆದು ಜಲಜನಕ ಮತ್ತು ಆಮ್ಲಜನಕಗಳನ್ನಾಗಿ ಮಾಡುತ್ತದೆ. ನೀರು ಇಳಿಯುತ್ತದೆ, ಫಲಕಗಳು ಬಯಲಾಗಿ ಹಾಳಾಗುತ್ತವೆ. ಉಪವಾಸ, ಅಜೀರ್ಣ ಎರಡೂ ಮನುಷ್ಯನಿಗೆ ಹೇಗೋ ಬ್ಯಾಟರಿಗೂ ಹಾಗೆಯೇ.

ಟ್ರಾನ್ಸ್‌ಫಾರ್ಮರು ಮತ್ತು ಡಯೋಡುಗಳು ಮಾತ್ರ ಇರುವ ಹಳೆಯ ಬಗೆಯ ಚಾರ್ಜರಿಗೆ ಈ ವಿವೇಚನೆಯಿಲ್ಲ. ಬ್ಯಾಟರಿ ತುಂಬಿದ ಮೇಲೂ ಅದು ಪ್ರವಾಹವನ್ನು ಹರಿಸುತ್ತಲೇ ಇರುತ್ತದೆ. ಒಳ್ಳೆಯ ಹೊಸ ಚಾರ್ಜರು ಮೂರು ಹಂತಗಳಲ್ಲಿ ಕೆಲಸಮಾಡುತ್ತದೆ. ಮೊದಲು ಪೂರ್ಣ ಪ್ರವಾಹವನ್ನು ಕೊಡುತ್ತದೆ. ವೋಲ್ಟೇಜು ಸುಮಾರು 14.4 ಕ್ಕೆ ಏರಿದಾಗ ಅದನ್ನು ಅಲ್ಲಿಯೇ ಹಿಡಿದು, ಪ್ರವಾಹವು ತಾನಾಗಿ ಇಳಿಯಲು ಬಿಡುತ್ತದೆ. ಬ್ಯಾಟರಿ ತುಂಬಿದ ಬಳಿಕ ಸುಮಾರು 13.5 ವೋಲ್ಟಿಗೆ ಇಳಿದು, ತಾನಾಗಿ ಸೋರುವಷ್ಟನ್ನು ಮಾತ್ರ ತುಂಬುತ್ತ ಕಾವಲಿರುತ್ತದೆ. ಎರಡು ತಿಂಗಳು ನಿಲ್ಲುವ ದೋಣಿಗೆ ಈ ಮೂರನೆಯ ಹಂತವೇ ಪ್ರಾಣ.

ಇನ್ನು ಪ್ರವಾಹದ ಲೆಕ್ಕ. ಆಮ್ಲ ತುಂಬಿದ ಸಾಮಾನ್ಯ ಬ್ಯಾಟರಿಗೆ ಅದರ ಆಂಪೇರ್-ಗಂಟೆಯ ಹತ್ತನೆಯ ಒಂದು ಭಾಗ ಹಿತವಾದ ಪ್ರಮಾಣ. 150 ಆಂಪೇರ್-ಗಂಟೆಯ ಬ್ಯಾಟರಿಗೆ 15 ಆಂಪೇರು ಸಾಕು. ಅದು ಅರ್ಧ ಬರಿದಾಗಿದ್ದರೆ 75 ಆಂಪೇರ್-ಗಂಟೆ ಬೇಕು. ಕಾಗದದ ಮೇಲೆ ಇದು 5 ಗಂಟೆಯ ಕೆಲಸ. ಕೊನೆಯ ಭಾಗ ನಿಧಾನವಾಗಿ ತುಂಬುವುದರಿಂದ ನಿಜವಾಗಿ ಹೆಚ್ಚು ಹೊತ್ತು ಹಿಡಿಯುತ್ತದೆ. ಚಾರ್ಜು ಮಾಡುವಾಗಲೇ ದೀಪ ಮುಂತಾದವು ಉರಿಯುವುದಾದರೆ ಅವುಗಳ ಆಂಪೇರನ್ನೂ ಕೂಡಿಸಿಕೊಳ್ಳಬೇಕು. ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುವ 24 ವೋಲ್ಟಿನ ದೋಣಿಗೆ ಚಾರ್ಜರೂ 24 ವೋಲ್ಟಿನದೇ ಆಗಿರಬೇಕು.

ಬ್ಯಾಟರಿಯ ಜಾತಿಯನ್ನೂ ಮರೆಯಬಾರದು. ನೀರು ಹಾಕುವ ಬ್ಯಾಟರಿ, ಮುಚ್ಚಿದ ಜೆಲ್ ಬ್ಯಾಟರಿ, ಲಿಥಿಯಂ ಬ್ಯಾಟರಿ ಇವುಗಳಿಗೆ ಬೇಕಾಗುವ ವೋಲ್ಟೇಜುಗಳು ಒಂದೇ ಅಲ್ಲ. ಚಾರ್ಜರಿನಲ್ಲಿ ಜಾತಿಯನ್ನು ಆರಿಸುವ ಗುಂಡಿಯಿದ್ದರೆ ಅದನ್ನು ತಯಾರಕರ ಸೂಚನೆಯಂತೆಯೇ ಇಡಬೇಕು. ಸೀಸದ ಬ್ಯಾಟರಿಯ ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡಿನಿಂದ 35 ಕ್ಕೇರಿದರೆ ಚಾರ್ಜಿನ ವೋಲ್ಟೇಜನ್ನು ಸುಮಾರು ಕಾಲು ವೋಲ್ಟು ತಗ್ಗಿಸಬೇಕಾಗುತ್ತದೆ. ಕರಾವಳಿಯ ಸೆಕೆಯಲ್ಲಿ, ಮುಚ್ಚಿದ ಎಂಜಿನ್ ಕೋಣೆಯಲ್ಲಿ, ಉಷ್ಣತೆಯನ್ನು ತಾನೇ ಅಳೆಯುವ ಚಾರ್ಜರಿಗೆ ಕೊಟ್ಟ ಹೆಚ್ಚಿನ ಬೆಲೆ ವ್ಯರ್ಥವಲ್ಲ.

ದೋಣಿಯಲ್ಲಿ ಇನ್ನೂ ಎರಡು ಎಚ್ಚರಿಕೆಗಳು ಅಗತ್ಯ. ಗಾಳಿಯಲ್ಲಿ ಜಲಜನಕವು ನೂರಕ್ಕೆ 4 ರಷ್ಟು ಸೇರಿದರೂ ಒಂದು ಕಿಡಿಯಿಂದ ಹತ್ತಿಕೊಳ್ಳಬಲ್ಲದು. ಆದ್ದರಿಂದ ಬ್ಯಾಟರಿಯಿರುವ ಕಡೆ ಗಾಳಿಯಾಡಬೇಕು, ಸ್ವಿಚ್ಚನ್ನು ಆರಿಸಿದ ಮೇಲೆಯೇ ತಂತಿಗಳನ್ನು ಬಿಚ್ಚಬೇಕು. ಉಪ್ಪುಗಾಳಿಯು ಲೋಹವನ್ನು ತಿನ್ನುವುದರಿಂದ ಚಾರ್ಜರು ಕಡಲ ಬಳಕೆಗಾಗಿಯೇ ಮಾಡಿದ, ನೀರು ಹೊಗದ ಪೆಟ್ಟಿಗೆಯದಾಗಿರಬೇಕು, ಭೂಸಂಪರ್ಕ ಸರಿಯಾಗಿರಬೇಕು. ಆಮ್ಲದ ಆವಿ ತಾಗುವಂತೆ ಅದನ್ನು ಬ್ಯಾಟರಿಯ ನೇರ ಮೇಲುಗಡೆ ಇಡಬಾರದು.

ಆಗಸ್ಟ್ ತಿಂಗಳಲ್ಲಿ ದೋಣಿ ಮತ್ತೆ ಕಡಲಿಗಿಳಿದಾಗ ಎಂಜಿನ್ನನ್ನು ಚಾಲೂ ಮಾಡುವುದು ಈ ಬ್ಯಾಟರಿಯೇ. ಇರುಳಿನಲ್ಲಿ ದೀಪವನ್ನುರಿಸುವುದೂ, ಆಪತ್ತಿನಲ್ಲಿ ವೈರ್‌ಲೆಸ್ಸಿನ ಮೂಲಕ ದಡಕ್ಕೆ ಕೂಗು ಮುಟ್ಟಿಸುವುದೂ ಇದೇ. ದಡ ಕಾಣದ ನೀರಿನಲ್ಲಿ ಅದು ಕೈಕೊಟ್ಟರೆ, ತಳ್ಳಿ ಚಾಲೂ ಮಾಡಲು ಅಲ್ಲಿ ರಸ್ತೆಯಿಲ್ಲ. ಹತ್ತಾರು ಜನರ ಕ್ಷೇಮವು ಬಂದರಿನಲ್ಲಿ ಮಳೆಗಾಲವಿಡೀ ಸದ್ದಿಲ್ಲದೆ ಕಾವಲಿದ್ದ ಒಂದು ಪುಟ್ಟ ಪೆಟ್ಟಿಗೆಯನ್ನು ಅವಲಂಬಿಸಿದೆ. ಅದನ್ನು ಆರಿಸುವಾಗ ಕಣ್ಣಿಗೆ ಕಾಣುವ ಗಾತ್ರವನ್ನಲ್ಲ, ಬ್ಯಾಟರಿಯ ಅಗತ್ಯವನ್ನು ನೋಡುವುದೇ ವಿವೇಕ.