ಅವ್ವನ ಹಾಡು ಅಳಿಸಿದ ರಾತ್ರಿ

೧೯೯೮ರಲ್ಲಿ ಆದೋನಿ ಮಾರ್ಕೆಟ್ಟಿನಲ್ಲಿ ಹತ್ತಿ ಮಾರಿದ ದುಡ್ಡಿನಿಂದ ನಾನೊಂದು ಮ್ಯೂಸಿಕ್ ಸಿಸ್ಟಮ್ ತಂದೆ. ಮೇಲೆ ಸಿ.ಡಿ., ಕೆಳಗೆ ಕ್ಯಾಸೆಟ್. ಊರಿಗೆಲ್ಲ ಸಿ.ಡಿ. ಇದ್ದದ್ದು ನಮ್ಮನೆಯಲ್ಲೊಂದೇ. ಕ್ಯಾಸೆಟ್ ಮಾತ್ರ ಟ್ರ್ಯಾಕ್ಟರ್‌ನಿಂದ ಹಿಡಿದು ಚಾ ಅಂಗಡಿಯವರೆಗೆ ಎಲ್ಲೆಲ್ಲೂ ಹಾಡುತ್ತಿತ್ತು. ಬಳ್ಳಾರಿಯ ಭಾವ ಹೊಸ ಸಿ.ಡಿ. ತಂದರೆ ಸಾಕು, ಹುಡುಗರು ಖಾಲಿ ಕ್ಯಾಸೆಟ್ ಹಿಡಿದು ನಮ್ಮ ಕಟ್ಟೆ ಮೇಲೆ ಕೂಡುತ್ತಿದ್ದರು.

ಈ ಕೆಲಸಕ್ಕೆ ಲೆಕ್ಕ ಬೇಕು ನೋಡ್ರಿ. ಸಿ.ಡಿ.ಯಲ್ಲಿ ೭೪ ನಿಮಿಷದ ತನಕ ಹಾಡು ಹಿಡಿಯುತ್ತದೆ. ೬೦ರ ಕ್ಯಾಸೆಟ್ಟಿಗೆ ಮಗ್ಗುಲಿಗೆ ೩೦ ನಿಮಿಷ, ೯೦ರದಕ್ಕೆ ೪೫. ಕವರಿನ ಮೇಲಿನ ನಿಮಿಷಗಳನ್ನು ಕೂಡಿಸದಿದ್ದರೆ ಹಾಡು ಚರಣದ ನಡುವೆಯೇ ಕಡಿದುಹೋಗುತ್ತದೆ. ಟೇಪಿನ ಮೊದಲ ತುದಿ ದನಿ ಹಿಡಿಯುವುದಿಲ್ಲ. ಪೆನ್ಸಿಲ್ ತೂರಿಸಿ ಸುತ್ತಿ ಅದನ್ನು ದಾಟಿಸಬೇಕು. ಲೆವೆಲ್ ಹೆಚ್ಚಾದರೆ ದನಿ ಒಡೆಯುತ್ತದೆ, ಕಡಿಮೆಯಾದರೆ ಹಾಡಿಗಿಂತ ಸುಯ್ ಸದ್ದೇ ಜೋರು. ಹೆಡ್ಡಿಗೆ ಮೆತ್ತಿದ ಕಂದು ಧೂಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಹತ್ತಿಗೇನು, ನಮ್ಮಲ್ಲಿ ಬರವೇ?

ಒಂದು ಮಗ್ಗುಲಿಗೆ ಕನ್ನಡದ ದಾಸರ ಪದ, ಇನ್ನೊಂದಕ್ಕೆ ತೆಲುಗಿನ ಅನ್ನಮಯ್ಯ ತುಂಬುತ್ತಿದ್ದೆ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಮ್ಮ ನಾಲಿಗೆ ಮಾತ್ರ ಎರಡೂ ಕಡೆ ಉಳಿಯಿತು.

ಒಂದು ರಾತ್ರಿ, ಕರೆಂಟು ಹೋಗುವುದರೊಳಗೆ ಮುಗಿಸೋಣ ಅಂತ ಕೈಗೆ ಸಿಕ್ಕ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಅರ್ಧ ಗಂಟೆ ಆದಮೇಲೆ ಮಗ್ಗುಲು ತಿರುವುವಾಗ ಚೀಟಿ ಕಣ್ಣಿಗೆ ಬಿತ್ತು. ಹತ್ತಿ ಬಿಡಿಸುವಾಗ ಅವ್ವ ಹಾಡುತ್ತಿದ್ದ ಹಾಡುಗಳು! ಒಂದು ನುಡಿ ಕನ್ನಡ, ಒಂದು ನುಡಿ ತೆಲುಗು. ಹೊಸ ದನಿ ಕೂಡುವ ಮುಂಚೆಯೇ ಇನ್ನೊಂದು ಹೆಡ್ಡು ಹಳೆಯದನ್ನು ಅಳಿಸಿಬಿಡುತ್ತದೆ. ಮತ್ತೆ ತೆಗೆಯಲು ದಾರಿಯೇ ಇಲ್ಲ.

ಬೆಳಿಗ್ಗೆ ಹೇಳಿದರೆ ಅವ್ವ ನಕ್ಕಳು. "ಹೋಗ್ಲಿ ಬಿಡಪ್ಪಾ, ನಾನಿನ್ನೂ ಅದೀನಲ್ಲ. ಮತ್ತೆ ಹಾಡ್ತೀನಿ" ಅಂದಳು. ಬಿತ್ತನೆ ಮುಗೀಲಿ, ಹತ್ತಿ ಮನೆಗೆ ಬರಲಿ ಅಂತ ನಾನೇ ದಿನ ದೂಡಿದೆ. ೨೦೦೧ರಲ್ಲಿ ಅವ್ವ ತೀರಿಕೊಂಡಳು. ಎರಡನೇ ಮಗ್ಗುಲಿನಲ್ಲಿ ಒಂದೇ ಒಂದು ಹಾಡು ಉಳಿದಿದೆ. ಆರು ನಿಮಿಷ.

ಸಿ.ಡಿ. ಹಾಡು ಅಂಗಡಿಯಲ್ಲಿ ಮತ್ತೆ ಸಿಗುತ್ತಿತ್ತು. ನಿಮ್ಮ ಅಟ್ಟದ ಮೇಲೂ ಅಪ್ಪನದೋ ಅಜ್ಜಿಯದೋ ದನಿಯ ಕ್ಯಾಸೆಟ್ ಇದ್ದೀತು, ಇವತ್ತೇ ಇಳಿಸಿ. ಬೇಕಾದ ಮಗ್ಗುಲು ನಿಮ್ಮ ಕಡೆ, ಟೇಪು ಕಾಣುವ ಅಂಚು ಕೆಳಗೆ ಇರುವಂತೆ ಹಿಡಿಯಿರಿ. ಬೆನ್ನಿನ ಮೇಲೆ ಎಡಕ್ಕಿರುವ ಚಿಕ್ಕ ಪ್ಲಾಸ್ಟಿಕ್ ಕಿವಿಯನ್ನು ಮುರಿದರೆ ಆ ಮಗ್ಗುಲಿಗೆ ರೆಕಾರ್ಡ್ ಗುಂಡಿ ಕೆಲಸ ಮಾಡುವುದಿಲ್ಲ. ಆಮೇಲೆ ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು ದನಿ ಇಳಿಸಿಕೊಳ್ಳಿ. ನಮ್ಮವ್ವನ ಆರು ನಿಮಿಷವನ್ನು ನಾನು ಹಾಗೇ ಉಳಿಸಿಕೊಂಡೆ.