ಅಮೆರಿಕದ ಮನೆಸಾಲ ಮುಳುಗಿದ್ದರಲ್ಲಿ ಸರಕಾರದ ಪಾಲೆಷ್ಟು?

ಜಾಮೀನು ನಿಂತು ಕೆಟ್ಟವರು ನಮ್ಮ ಕಡೆ ಓಣಿಗೊಬ್ಬರಾದರೂ ಸಿಗುತ್ತಾರೆ. ಸಾಲ ತಗೊಂಡವನು ಒಬ್ಬ, ಉಂಡವನು ಇನ್ನೊಬ್ಬ, ಕೊನೆಗೆ ಹೊಲ ಹೋಗುವುದು ಸಹಿ ಹಾಕಿದವನದು. ಅವನಾದರೂ ಕಾಗದ ನೋಡಿ ಸಹಿ ಹಾಕಿರುತ್ತಾನೆ. ಕಾಗದವಿಲ್ಲ, ಸಹಿಯಿಲ್ಲ, ‘ನಾನು ಹೊಣೆ’ ಎಂದು ಬಾಯಿಬಿಟ್ಟು ಹೇಳಿದ್ದೂ ಇಲ್ಲ. ಆದರೂ ಸುಮಾರು 18,700 ಕೋಟಿ ಡಾಲರ್ ಎಣಿಸಿಕೊಡಬೇಕಾಗಿ ಬಂದ ಜಾಮೀನುದಾರನ ಕಥೆ ಇದು. ಆ ಜಾಮೀನುದಾರ ಬೇರೆ ಯಾರೂ ಅಲ್ಲ, ಅಮೆರಿಕದ ಸರಕಾರ.

2008ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಮನೆಸಾಲದ ವ್ಯವಹಾರ ಕುಸಿದು ಬಿದ್ದು ಜಗತ್ತನ್ನೇ ಅಲುಗಾಡಿಸಿದ್ದು ಹಲವರಿಗೆ ನೆನಪಿರಬಹುದು. ತಪ್ಪು ಯಾರದು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ದುರಾಸೆಯ ಬ್ಯಾಂಕುಗಳದ್ದು ಅಂತ ಒಂದು ಪಕ್ಷ. ಬಡವರಿಗೆಲ್ಲ ಮನೆ ಕೊಡಿಸುತ್ತೇನೆಂದು ಹೊರಟ ಸರಕಾರದ್ದು ಅಂತ ಇನ್ನೊಂದು ಪಕ್ಷ. ಸರಕಾರದ ತಪ್ಪು ಇದ್ದೇ ಇದೆ. ಆದರೆ ದೂರುವವರು ಬೆರಳು ತೋರಿಸುವ ಜಾಗದಲ್ಲಿ ಅದು ಸಿಕ್ಕುವುದು ಸ್ವಲ್ಪ, ಬೇರೆ ಕಡೆ ಸಿಕ್ಕುವುದು ಬಹಳ.

ಕೊಳ್ಳುವ ಮನೆಯನ್ನೇ ಒತ್ತೆಯಿಟ್ಟು ಸಾಲ ತಗೊಳ್ಳುವುದು ನಮಗೇನೂ ಹೊಸತಲ್ಲ. ಸೊಲ್ಲಾಪುರ, ಜತ್ತದ ಕಡೆ ಗಹಾಣ ಅಂತಾರೆ, ಆದೋನಿ, ಮಡಕಶಿರಾದಲ್ಲಿ ತಾಕಟ್ಟು, ಕಾಸರಗೋಡಿನಲ್ಲಿ ಪಣಯ, ಹೊಸೂರು, ತಾಳವಾಡಿಯಲ್ಲಿ ಅಡಮಾನ. ಹೆಸರು ಏನಿದ್ದರೂ ಕೊಟ್ಟವನ ಕಣ್ಣು ತಗೊಂಡವನ ಮೇಲೆ ಇರುತ್ತದೆ. ಅಮೆರಿಕದಲ್ಲಿ ತಪ್ಪಿದ್ದು ಈ ಕಣ್ಣು.

ಕಾಗದದಲ್ಲಿ ಇಲ್ಲದ ಖಾತರಿ

1930ರ ದಶಕದ ಮಹಾ ಕುಸಿತಕ್ಕೆ ಮುಂಚೆ ಅಲ್ಲಿ ಮನೆಸಾಲ ಬಹುಮಟ್ಟಿಗೆ ಮೂರೋ ಐದೋ ವರ್ಷದ ಮಾತು. ಅರ್ಧ ಬೆಲೆ ಕೈಯಿಂದ ಹಾಕಬೇಕು, ಗಡುವು ಬಂದಾಗ ಅಸಲು ಒಂದೇ ಸಲ ಕಟ್ಟಬೇಕು. ಕುಸಿತದಲ್ಲಿ ಲಕ್ಷಾಂತರ ಮನೆಗಳು ಹರಾಜಾದವು. ಆಗ ಸರಕಾರ ಕೈಹಾಕಿತು. 1934ರಲ್ಲಿ ಮನೆಸಾಲಕ್ಕೆ ವಿಮೆ ಕೊಡುವ ಇಲಾಖೆ ಬಂತು. 1938ರಲ್ಲಿ ‘ಫ್ಯಾನಿ ಮೇ’ ಎಂಬ ಸಂಸ್ಥೆ ಹುಟ್ಟಿತು. ಬ್ಯಾಂಕು ಕೊಟ್ಟ ಮನೆಸಾಲವನ್ನು ಇದು ಕೊಂಡುಕೊಳ್ಳುವುದು, ಆ ಹಣದಿಂದ ಬ್ಯಾಂಕು ಇನ್ನೊಬ್ಬರಿಗೆ ಸಾಲ ಕೊಡುವುದು. ಇಪ್ಪತ್ತು, ಮುಂದೆ ಮೂವತ್ತು ವರ್ಷದ ಕಂತಿನಲ್ಲಿ ಸಾಮಾನ್ಯರೂ ಮನೆ ಕಾಣುವಂತಾಯಿತು. ಇಲ್ಲಿಯವರೆಗೆ ಸರಕಾರವನ್ನು ದೂರುವ ಮಾತೇ ಇಲ್ಲ, ಒಳ್ಳೆಯ ಕೆಲಸವನ್ನೇ ಮಾಡಿತು.

ಎಡವಟ್ಟು ಶುರುವಾದದ್ದು 1968ರಲ್ಲಿ. ವಿಯೆಟ್ನಾಂ ಯುದ್ಧದ ಖರ್ಚಿನಿಂದ ಬಜೆಟ್ಟು ಹಿಗ್ಗಿತ್ತು. ಫ್ಯಾನಿ ಮೇ ಮಾಡಿದ ಸಾಲ ಸರಕಾರದ ಲೆಕ್ಕದಲ್ಲಿ ಕಾಣಬಾರದು ಅಂತ ಅದನ್ನು ಷೇರುದಾರರ ಕೈಗೆ ಮಾರಿಬಿಟ್ಟರು. 1970ರಲ್ಲಿ ‘ಫ್ರೆಡ್ಡಿ ಮ್ಯಾಕ್’ ಎಂಬ ತಮ್ಮನೂ ಬಂದ. ಹೆಸರಿಗೆ ಖಾಸಗಿ ಕಂಪನಿಗಳು. ಆದರೆ ರಾಜ್ಯದ ವರಮಾನ ತೆರಿಗೆ ಇಲ್ಲ. ಕಷ್ಟ ಬಂದರೆ ಖಜಾನೆಯಿಂದ ತಲಾ 225 ಕೋಟಿ ಡಾಲರ್ ಎತ್ತುವ ಸವಲತ್ತು ಬೇರೆ. ಇವರ ಬಾಂಡುಗಳ ಮೇಲೆ ‘ಇದಕ್ಕೆ ಅಮೆರಿಕ ಸರಕಾರದ ಖಾತರಿ ಇಲ್ಲ’ ಅಂತಲೇ ಅಚ್ಚಾಗಿರುತ್ತಿತ್ತು. ಕೊಳ್ಳುವವರು ಅದನ್ನು ನಂಬಲಿಲ್ಲ. ಇಷ್ಟು ದೊಡ್ಡದನ್ನು ಸರಕಾರ ಮುಳುಗಗೊಡುವುದಿಲ್ಲ ಅಂತ ಎಲ್ಲರ ಲೆಕ್ಕ. ಚೀನಾ ಸೇರಿ ಪರದೇಶಗಳ ಕೇಂದ್ರ ಬ್ಯಾಂಕುಗಳೂ ರಾಶಿಗಟ್ಟಲೆ ಕೊಂಡವು. ಸರಕಾರ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಆ ಮೌನವೇ ಜಾಮೀನಾಯಿತು.

ಊರಿನಲ್ಲಿ ಜಾಮೀನು ನಿಲ್ಲುವವನು ಸಾಲಗಾರನ ಮನೆ ಕಡೆ ಆಗಾಗ ಒಂದು ಸುತ್ತು ಹಾಕುತ್ತಾನೆ, ಎತ್ತು ಮಾರಿದನೋ, ಹೊಲ ಬಿತ್ತಿದನೋ ಅಂತ. ಇಲ್ಲಿ ಹಾಗಾಗಲಿಲ್ಲ. ಈ ಎರಡು ಕಂಪನಿಗಳ ಮೇಲೆ ಕಣ್ಣಿಡಲು 1992ರಲ್ಲಿ ಒಂದು ಕಚೇರಿ ಮಾಡಿದರು, ಆದರೆ ಹಲ್ಲಿಲ್ಲದ ಕಚೇರಿ. ತಾವು ಜಾಮೀನು ನಿಂತ ಪ್ರತಿ 100 ಡಾಲರ್ ಸಾಲಕ್ಕೆ ಕಂಪನಿಗಳು ಇಟ್ಟುಕೊಳ್ಳಬೇಕಾದ ಸ್ವಂತ ಬಂಡವಾಳ ಬರೀ 45 ಸೆಂಟ್. ಅಂದರೆ ಅರ್ಧ ಡಾಲರೂ ಅಲ್ಲ! ನಿಯಮ ಬಿಗಿಯಾಗದಂತೆ ನೋಡಿಕೊಳ್ಳಲು 1999ರಿಂದ 2008ರವರೆಗೆ ಇಬ್ಬರೂ ಸೇರಿ ಲಾಬಿಗೆ 16 ಕೋಟಿ ಡಾಲರ್‌ಗೂ ಹೆಚ್ಚು ಸುರಿದರು. ಲೆಕ್ಕಪತ್ರದಲ್ಲಿ ಕೈವಾಡ ನಡೆದದ್ದು ಫ್ರೆಡ್ಡಿಯಲ್ಲಿ 2003ರಲ್ಲಿ, ಫ್ಯಾನಿಯಲ್ಲಿ 2004ರಲ್ಲಿ ಬಯಲಾಯಿತು. 2006ರಲ್ಲಿ ಫ್ಯಾನಿಗೆ 40 ಕೋಟಿ ಡಾಲರ್ ದಂಡ ಬಿತ್ತು. ಆದರೂ ಬಿಗಿಯಾದ ಕಾನೂನು ಬಂದದ್ದು 2008ರ ಜುಲೈಯಲ್ಲಿ, ಊರೆಲ್ಲ ಕೊಳ್ಳೆ ಹೋದ ಮೇಲೆ.

ಬಡವರ ಮೇಲೆ ಹೊರಿಸಿದ ಹೊರೆ

ಈಗ ಎರಡನೇ ಪಕ್ಷದವರ ದೂರನ್ನು ನೋಡೋಣ. 1977ರಲ್ಲಿ ಒಂದು ಕಾನೂನು ಬಂತು. ಬ್ಯಾಂಕು ಯಾವ ಬಡಾವಣೆಯಿಂದ ಠೇವಣಿ ಎತ್ತುತ್ತದೋ ಅಲ್ಲಿಯ ಬಡವರಿಗೂ ಸಾಲ ಕೊಡಬೇಕು ಅಂತ. ಮುಂದೆ ಫ್ಯಾನಿ, ಫ್ರೆಡ್ಡಿಗೂ ಗುರಿ ಹಾಕಿದರು. 1996ರಲ್ಲಿ ಅವರು ಕೊಳ್ಳುವ ಸಾಲಗಳಲ್ಲಿ ನೂರಕ್ಕೆ 40 ಕಡಿಮೆ ಮತ್ತು ಮಧ್ಯಮ ವರಮಾನದವರದ್ದಾಗಿರಬೇಕಿತ್ತು. 2001ಕ್ಕೆ 50, 2008ಕ್ಕೆ 56 ಆಯಿತು. ಕ್ಲಿಂಟನ್ ಕಾಲದಲ್ಲೂ, ಬುಷ್ ಕಾಲದಲ್ಲೂ ಎಲ್ಲರಿಗೂ ಸ್ವಂತ ಮನೆ ಎಂಬ ಘೋಷಣೆ ನಡೆಯಿತು. ಇದರಿಂದಲೇ ಸಾಲ ಕೆಟ್ಟಿತು ಅನ್ನುವುದು ವಾದ.

ಕುಸಿತದ ಕಾರಣ ಹುಡುಕಲು ನೇಮಿಸಿದ ಹತ್ತು ಜನರ ಆಯೋಗ 2011ರ ಜನವರಿಯಲ್ಲಿ ವರದಿ ಕೊಟ್ಟಿತು. ಆ ಹತ್ತು ಮಂದಿಯಲ್ಲೇ ಒಮ್ಮತವಿರಲಿಲ್ಲ. ಆರು ಜನರದ್ದು ಒಂದು ಮಾತು, ಮೂವರದ್ದು ಇನ್ನೊಂದು, ಪೀಟರ್ ವಾಲಿಸನ್ ಎಂಬವರು ಒಬ್ಬರೇ ಬೇರೆ ಕೂತು, ಎಲ್ಲ ಸರಕಾರದ ವಸತಿ ನೀತಿಯದೇ ತಪ್ಪು ಅಂತ ಬರೆದರು. ದೇಶದ ಮನೆಸಾಲದಲ್ಲಿ ಅರ್ಧದಷ್ಟು ದುರ್ಬಲ ಸಾಲವಾಗಿತ್ತು, ಅದರ ಹಿಂದೆ ಸರಕಾರದ ಒತ್ತಡವಿತ್ತು ಎಂದು ಅವರ ಲೆಕ್ಕ. ಬಹುಮತದವರ ವರದಿಯ ಅಂಕಿ ಬೇರೆಯೇ ಹೇಳುತ್ತದೆ. ದುಬಾರಿ ಬಡ್ಡಿಗೆ ಕೊಟ್ಟ ಸಾಲಗಳಲ್ಲಿ 1977ರ ಕಾನೂನಿಗೆ ಸಂಬಂಧಪಟ್ಟವು ನೂರಕ್ಕೆ ಆರು ಮಾತ್ರ. ಸಾಲ ತೀರಿಸುವ ಯೋಗ್ಯತೆಯ ಅಂಕ 660ಕ್ಕಿಂತ ಕಡಿಮೆ ಇದ್ದವರ ಸಾಲಗಳನ್ನೇ ಹೋಲಿಸಿ ನೋಡಿದರೆ, 2008ರ ಕೊನೆಗೆ ಫ್ಯಾನಿ, ಫ್ರೆಡ್ಡಿ ಹಿಡಿದವುಗಳಲ್ಲಿ ಕಂತು ಕೆಟ್ಟದ್ದು ನೂರಕ್ಕೆ 6.2, ವಾಲ್‌ಸ್ಟ್ರೀಟಿನ ಖಾಸಗಿಯವರು ಕಟ್ಟುಕಟ್ಟಿ ಮಾರಿದವುಗಳಲ್ಲಿ 28.3. ಇಬ್ಬರ ಸಾಲಗಾರರೂ ದುರ್ಬಲರೇ. ವ್ಯತ್ಯಾಸ ಇರುವುದು ಕೊಟ್ಟ ರೀತಿಯಲ್ಲಿ.

ಖಾಸಗಿಯವರು ಹೇಗೆ ಕೊಟ್ಟರು? ಮೊದಲ ಎರಡು ವರ್ಷ ಬಡ್ಡಿ ಕಡಿಮೆ, ಮೂರನೆಯ ವರ್ಷದಿಂದ ಕಂತು ಏರಿ ಕೂರುವುದು. ವರಮಾನದ ದಾಖಲೆ ಬೇಡ, ಬಾಯಲ್ಲಿ ಹೇಳಿದರೆ ಸಾಕು. ದಲಾಲಿಗೆ ಸಾಲ ಬರೆಸಿದ ದಿನವೇ ಕಮಿಷನ್. ಸಾಲ ತೀರಿತೋ ಇಲ್ಲವೋ ಅವನಿಗೇಕೆ? ಸಾಲ ಕೊಟ್ಟ ಕಂಪನಿ ಅದನ್ನು ಮಾರಿ ಕೈತೊಳೆದುಕೊಳ್ಳುತ್ತಿತ್ತು. ಕೊಂಡವರು ಸಾವಿರಾರು ಸಾಲಗಳನ್ನು ಒಂದು ಕಟ್ಟು ಮಾಡಿ, ಕೊಳೆತದ್ದನ್ನು ತಳದಲ್ಲಿಟ್ಟು ಒಳ್ಳೆಯದನ್ನು ಮೇಲಿಟ್ಟು ಚೀಲ ಹೊಲಿದಂತೆ, ದರ್ಜೆ ಹೇಳುವ ಕಂಪನಿಗಳಿಂದ ‘ಟ್ರಿಪಲ್ ಎ’ ಮುದ್ರೆ ಒತ್ತಿಸಿ ಮತ್ತೊಬ್ಬರಿಗೆ ಮಾರುತ್ತಿದ್ದರು. ಮುದ್ರೆ ಒತ್ತುವವನಿಗೆ ಫೀಸು ಕೊಡುವವನು ಚೀಲದ ಮಾಲೀಕನೇ! 2006ರ ಹೊತ್ತಿಗೆ ಹೊಸ ಮನೆಸಾಲದಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಇಂಥ ಅಪಾಯದ ‘ಸಬ್‌ಪ್ರೈಮ್’ ಸಾಲ. ಫ್ಯಾನಿ, ಫ್ರೆಡ್ಡಿ ಸುಮ್ಮನೆ ಕೂತಿದ್ದರೆ ಬೇರೆ ಮಾತು. ವ್ಯಾಪಾರ ಕೈತಪ್ಪುತ್ತದೆಂದು ಅವರೂ ಈ ಚೀಲಗಳನ್ನೇ ಕೊಂಡು ಉಗ್ರಾಣದಲ್ಲಿ ತುಂಬಿಕೊಂಡರು. ಅವುಗಳನ್ನೇ ಬಡವರ ಗುರಿಯ ಲೆಕ್ಕಕ್ಕೂ ಸೇರಿಸಿದರು. ದೂರುವವರ ಮಾತಿನಲ್ಲಿ ನಿಜವಿರುವುದು ಇಷ್ಟರ ಮಟ್ಟಿಗೆ.

ಕಾಯುವವರೇ ಬಾಗಿಲು ತೆರೆದರು

ನನ್ನ ಮಟ್ಟಿಗೆ ಸರಕಾರದ ದೊಡ್ಡ ಅಪರಾಧ, ಕೈಯಲ್ಲಿ ಅಧಿಕಾರವಿದ್ದೂ ಬಳಸದೆ ಹೋದದ್ದು. 1994ರಲ್ಲಿ ಸಂಸತ್ತು ಅಲ್ಲಿಯ ರಿಸರ್ವ್ ಬ್ಯಾಂಕಾದ ಫೆಡರಲ್ ರಿಸರ್ವ್‌ಗೆ ಒಂದು ಅಧಿಕಾರ ಕೊಟ್ಟಿತ್ತು: ಮೋಸದ, ಅನ್ಯಾಯದ ಮನೆಸಾಲಗಳನ್ನು ನಿಷೇಧಿಸಬಹುದು. ಬ್ಯಾಂಕಿನವರೇ ಆಗಲಿ, ಬರೀ ಸಾಲದ ಕಂಪನಿಯವರೇ ಆಗಲಿ, ಎಲ್ಲರಿಗೂ ಅನ್ವಯ. ಅದರ ಪ್ರಕಾರ ಗಟ್ಟಿ ನಿಯಮ ಬಂದದ್ದು ಯಾವಾಗ ಅಂದುಕೊಂಡಿರಿ? 2008ರ ಜುಲೈಯಲ್ಲಿ. ಹದಿನಾಲ್ಕು ವರ್ಷ ಕಾಗದ ಕಪಾಟಿನಲ್ಲೇ ಇತ್ತು. ಆ ಬ್ಯಾಂಕಿನ ಆಡಳಿತ ಮಂಡಳಿಯವರೇ ಆದ ಎಡ್ವರ್ಡ್ ಗ್ರಾಮ್ಲಿಕ್ 2000ದ ಸುಮಾರಿಗೇ ಈ ಸಾಲದ ಕಂಪನಿಗಳನ್ನು ತಪಾಸಣೆ ಮಾಡಿಸೋಣ ಅಂದರು. ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ಒಪ್ಪಲಿಲ್ಲ. ಮಾರುಕಟ್ಟೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. 2008ರ ಅಕ್ಟೋಬರಿನಲ್ಲಿ ಸಂಸತ್ ಸಮಿತಿಯ ಮುಂದೆ ಅವರೇ ಆ ನಂಬಿಕೆಯಲ್ಲಿ ದೋಷ ಕಂಡೆ ಎಂದು ಒಪ್ಪಿಕೊಂಡರು. ಗ್ರಾಮ್ಲಿಕ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಬಡ್ಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2001ರ ಆರಂಭದಲ್ಲಿ ನೂರಕ್ಕೆ ಆರೂವರೆ ಇದ್ದ ದರವನ್ನು ಫೆಡರಲ್ ರಿಸರ್ವ್ 2003ರ ಜೂನ್ ಹೊತ್ತಿಗೆ ಒಂದಕ್ಕೆ ತಂದು ಒಂದು ವರ್ಷ ಹಾಗೇ ಇಟ್ಟಿತು. ಅಗ್ಗದ ದುಡ್ಡು ಮನೆಗಳ ಮೇಲೆ ಬಿತ್ತು. ಆಮೇಲೆ ಹದಿನೇಳು ಸಲ ಕಾಲು ಕಾಲು ಏರಿಸಿ 2006ರ ಜೂನಿನಲ್ಲಿ ಐದೂಕಾಲಕ್ಕೆ ಒಯ್ದಿತು. ಮೂರನೆಯ ವರ್ಷದ ಏರುಕಂತು ಜನರ ತಲೆ ಮೇಲೆ ಬಿದ್ದದ್ದೂ ಆಗಲೇ.

ಉಳಿತಾಯ ಬ್ಯಾಂಕುಗಳನ್ನು ಕಾಯುವ ಇನ್ನೊಂದು ಕೇಂದ್ರ ಕಚೇರಿಯಿತ್ತು. ಅದರ ಮುಖ್ಯಸ್ಥರು 2003ರಲ್ಲಿ ಬ್ಯಾಂಕುಗಳ ಲಾಬಿಯವರ ಜೊತೆ ನಿಂತು, ನಿಯಮಗಳ ಕಾಗದದ ಗಂಟಿಗೆ ಮರ ಕೊಯ್ಯುವ ಯಂತ್ರದ ಗರಗಸ ಹಿಡಿದು ಫೋಟೋ ತೆಗೆಸಿಕೊಂಡರು. ಆ ಕಚೇರಿ ನಡೆಯುತ್ತಿದ್ದದ್ದೇ ತಾನು ಕಾಯುವ ಬ್ಯಾಂಕುಗಳು ಕಟ್ಟುವ ಶುಲ್ಕದಿಂದ. ಅದರ ಕೈಕೆಳಗಿದ್ದ ಇಂಡಿಮ್ಯಾಕ್ 2008ರ ಜುಲೈಯಲ್ಲಿ ಮುಳುಗಿತು. 30,700 ಕೋಟಿ ಡಾಲರ್ ಆಸ್ತಿಯ ವಾಷಿಂಗ್ಟನ್ ಮ್ಯೂಚುವಲ್ ಸೆಪ್ಟೆಂಬರಿನಲ್ಲಿ. ಆ ದೇಶದ ಇತಿಹಾಸದಲ್ಲಿ ಅಷ್ಟು ದೊಡ್ಡ ಬ್ಯಾಂಕು ಅದುವರೆಗೆ ಮುಳುಗಿರಲಿಲ್ಲ.

ಕೆಳಗಿನವರು ಸುಮ್ಮನಿದ್ದರೇ? ಇಲ್ಲ. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದವರು 2002ರಲ್ಲೇ ಇಂಥ ಸಾಲಕ್ಕೆ ಕಡಿವಾಣ ಹಾಕುವ ಕಟ್ಟಳೆ ತಂದರು. ಆ ಅಧಿಕಾರ ನಗರಕ್ಕಿಲ್ಲ, ರಾಜ್ಯಕ್ಕೇ ಸೇರಿದ್ದು ಅಂತ 2006ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಜಾರ್ಜಿಯಾ ರಾಜ್ಯ 2002ರಲ್ಲಿ ಕಟ್ಟುನಿಟ್ಟಿನ ಕಾನೂನು ಮಾಡಿ, ಒತ್ತಡ ತಾಳದೆ ಮರುವರ್ಷವೇ ಸಡಿಲಿಸಿತು. 2004ರಲ್ಲಂತೂ ವಾಷಿಂಗ್ಟನ್ನಿನ ಅಧಿಕಾರಿಗಳು, ರಾಷ್ಟ್ರೀಯ ಬ್ಯಾಂಕುಗಳಿಗೆ ರಾಜ್ಯಗಳ ಇಂಥ ಕಾನೂನು ಲಾಗೂ ಆಗುವುದಿಲ್ಲ ಅಂತ ಅಪ್ಪಣೆ ಹೊರಡಿಸಿದರು. ತಾವೂ ಕಾಯಲಿಲ್ಲ, ಕಾಯುವವರನ್ನೂ ಬಿಡಲಿಲ್ಲ. ಒಂದು ಅರ್ಜಿ ಹಿಡಿದು ಎರಡು ರಾಜ್ಯಗಳ ಕಚೇರಿ ಅಲೆದ ನಮ್ಮ ಗಡಿಭಾಗದವರಿಗೆ ಈ ‘ನಮ್ಮ ವ್ಯಾಪ್ತಿಯಲ್ಲ’ದ ಆಟ ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಬೆಲೆ 2006ರಲ್ಲಿ ನೆತ್ತಿ ಮುಟ್ಟಿ ಇಳಿಯತೊಡಗಿತು. ಮುಂದಿನದು ಸರಸರ ಆಯಿತು. 2008ರ ಸೆಪ್ಟೆಂಬರ್ 7ರಂದು ಫ್ಯಾನಿ, ಫ್ರೆಡ್ಡಿಯನ್ನು ಸರಕಾರ ತನ್ನ ಸುಪರ್ದಿಗೆ ತಗೊಂಡಿತು. 15ರಂದು ಲೀಮನ್ ಬ್ರದರ್ಸ್ ದಿವಾಳಿ, ಮರುದಿನ ಎಐಜಿ ವಿಮಾ ಕಂಪನಿಗೆ 8,500 ಕೋಟಿ ಡಾಲರ್ ಸಾಲ, ಅಕ್ಟೋಬರ್ 3ಕ್ಕೆ ಬ್ಯಾಂಕುಗಳ ರಕ್ಷಣೆಗೆ 70,000 ಕೋಟಿ ಡಾಲರಿನ ಕಾನೂನು.

ಅಲ್ಲಿ 45 ಸೆಂಟ್, ಇಲ್ಲಿ 6 ರೂಪಾಯಿ 75 ಪೈಸೆ

ಅದೇ ಕಾಲಕ್ಕೆ ನಮ್ಮ ಕಡೆ ಏನಾಗಿತ್ತು ಎಂಬುದನ್ನು ಒಂದಿಷ್ಟು ನೋಡಬೇಕು. ಕಡಪ ಜಿಲ್ಲೆಯವರಾದ ವೈ.ವಿ. ರೆಡ್ಡಿ ಆಗ ರಿಸರ್ವ್ ಬ್ಯಾಂಕಿನ ಗವರ್ನರು. ಮನೆಸಾಲ ಭರದಿಂದ ಏರುತ್ತಿದ್ದದ್ದು ಕಂಡು 2004ರಲ್ಲಿ ಅವರು ಅದರ ಅಪಾಯದ ತೂಕವನ್ನು ನೂರಕ್ಕೆ 50ರಿಂದ 75ಕ್ಕೆ ಏರಿಸಿದರು. ನೂರು ರೂಪಾಯಿ ಮನೆಸಾಲಕ್ಕೆ ಬ್ಯಾಂಕು ನಾಲ್ಕೂವರೆ ರೂಪಾಯಿ ಸ್ವಂತ ಬಂಡವಾಳ ಇಡುವ ಬದಲು ಆರು ರೂಪಾಯಿ ಎಪ್ಪತ್ತೈದು ಪೈಸೆ ಇಡಬೇಕಾಯಿತು. ತಾನೇ ಕೊಟ್ಟು ಇಟ್ಟುಕೊಂಡ ಸಾಲ ಬೇರೆ, ಜಾಮೀನು ನಿಂತ ಸಾಲ ಬೇರೆ, ನಿಜ. ಆದರೂ ಫ್ಯಾನಿಯ 45 ಸೆಂಟ್ ಪಕ್ಕ ಇಟ್ಟು ನೋಡಿ. ಬ್ಯಾಂಕಿನವರು ಗೊಣಗಿದರು, ಅಷ್ಟೇ.

ಹಾಗಂತ ಏಟು ಇಲ್ಲಿಗೆ ತಾಗಲಿಲ್ಲವೆಂದಲ್ಲ. ಲೀಮನ್ ಬಿದ್ದ ಹಂಗಾಮಿನಲ್ಲೇ ಜಗತ್ತಿನ ಹತ್ತಿ ದರ ಕುಸಿಯಿತು. ಕೇಂದ್ರ ಸರಕಾರ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 3,000 ರೂಪಾಯಿ ಮಾಡಿದ್ದ ವರ್ಷ ಅದು. ಆ ದರಕ್ಕೆ ಖಾಸಗಿಯವರು ಮುಂದೆ ಬಾರದೆ ಹತ್ತಿ ನಿಗಮ ಭಾರೀ ಪ್ರಮಾಣದಲ್ಲಿ ಕೊಳ್ಳಬೇಕಾಯಿತು. ಹತ್ತಿ ವ್ಯಾಪಾರದಲ್ಲಿದ್ದ ಓದುಗರಿಗೆ ಆ ಸುಗ್ಗಿ ನೆನಪಿರಬೇಕು.

ಕೊನೆಗೆ ಯಾರಿಗೆ ಎಷ್ಟು ಬಂತು? ಫ್ಯಾನಿ, ಫ್ರೆಡ್ಡಿಗೆ ಸುರಿದ 18,700 ಕೋಟಿ ಡಾಲರನ್ನೂ ಮೀರಿ ಲಾಭಾಂಶದ ಲೆಕ್ಕದಲ್ಲಿ ಖಜಾನೆಗೆ ವಾಪಸಾಯಿತು. ಜಾಮೀನುದಾರ ಬಚಾವಾದ. ಸಾಲಗಾರನ ಮಾತು ಬೇರೆ. 2010ರ ಒಂದೇ ವರ್ಷ 28 ಲಕ್ಷಕ್ಕೂ ಹೆಚ್ಚು ಆಸ್ತಿಗಳ ಮೇಲೆ ಜಪ್ತಿ ನೋಟಿಸು ಬಿತ್ತು. ಅದೇ ವರ್ಷ ಇನ್ನೊಂದು ಹಗರಣವೂ ಹೊರಬಂತು: ಬ್ಯಾಂಕುಗಳ ಗುಮಾಸ್ತರು ಜಪ್ತಿಯ ಕಾಗದಗಳನ್ನು ಓದದೆ, ದಿನಕ್ಕೆ ನೂರಾರರಂತೆ ಸಹಿ ಹಾಕಿ ಕೋರ್ಟಿಗೆ ಕಳಿಸಿದ್ದರು. 2012ರ ಫೆಬ್ರವರಿಯಲ್ಲಿ ಐದು ದೊಡ್ಡ ಬ್ಯಾಂಕುಗಳು ಕೇಂದ್ರ ಸರಕಾರ ಮತ್ತು 49 ರಾಜ್ಯಗಳ ಜೊತೆ 2,500 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡವು. ಆ ಮೊತ್ತದಲ್ಲಿ, ಮನೆ ಕಳಕೊಂಡು ಅರ್ಜಿ ಹಾಕಿದವರ ಹೆಸರಿಗೆ 2013ರಲ್ಲಿ ಬಂದ ಚೆಕ್ಕು ತಲಾ ಸುಮಾರು ಒಂದೂವರೆ ಸಾವಿರ ಡಾಲರ್.